ಸಂತಪುರದ ಹೆಸರಿದ್ದ ಹಾಳೆ

“ನಮ್ಮ ಮನಿಯಾಗ ಕಂಬಳಿ ಹುಟ್ತಾವ, ಸರ್ಟಿಫಿಕೇಟು ಹುಟ್ಟೂದಿಲ್ಲ. ಇದು ಆಗೋ ಮಾತಲ್ಲ, ಬಿಡು” ಅಂದವರು ನಮ್ಮ ಮಾಳಪ್ಪ ಕಾಕಾ. ನನ್ನ ಅಪ್ಪನ ತಮ್ಮ. ಭಾಲ್ಕಿಯಲ್ಲಿ ಕಂಬಳಿ ನೇಯುತ್ತಿದ್ದರು, ನಾನು ಅವರ ಮನೆಯಲ್ಲಿದ್ದು ಸಾಲಿ ಕಲಿಯುತ್ತಿದ್ದೆ. ಸಿಟ್ಟಿನಿಂದ ಅಂದದ್ದಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಎಳೆ ನೋಡುತ್ತ, ಇವತ್ತು ಮಳೆ ಬರಲಿಕ್ಕಿಲ್ಲ ಅನ್ನುವ ಧಾಟಿಯಲ್ಲಿ ಅಂದದ್ದು. ಆಗ ನನಗೆ ಹದಿನಾರು ವರ್ಷ, ಏಳನೇ ಇಯತ್ತೆ. ಒಂಬತ್ತು ವರ್ಷ ತುಂಬುವ ತನಕ ಕುರಿಗಳ ಹಿಂದೆ ಇದ್ದವನು, ಹಾಗಾಗಿ ವರ್ಗದಲ್ಲಿ ಎಲ್ಲರಿಗಿಂತ ಉದ್ದ. ಫೋಟೋ ತೆಗೆದಿದ್ದರೆ ಮಾಸ್ತರರ ಸಾಲಿನಲ್ಲಿ ನಿಲ್ಲಿಸುತ್ತಿದ್ದರೇನೋ.

ಮುಂದೆ ನಾನು ಬಿ.ಎ. ಮಾಡಿದೆ. ನಮ್ಮ ಮನೆತನದಲ್ಲಿ ಮೊದಲನೆಯವನು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಆದರೆ ಆ ಪದವಿಗಿಂತ ಬಹಳ ಮೊದಲು ಒಂದು ಸಣ್ಣ ಕಾಗದ ಕೈಗೆ ಬರಬೇಕಾಗಿತ್ತು. ಅದು ಬಂದ ವರ್ಷದ ಮಾತು ಇದು.

ಹೋದ ಮಳೆಗಾಲದಲ್ಲಿ ಬೀದರಿನ ಚೌಬಾರಾದ ಹತ್ತಿರದ ರದ್ದಿ ಅಂಗಡಿಗೆ ಹಳೆಯ ಪೇಪರು ಹಾಕಲು ಹೋಗಿದ್ದೆ. ತಕ್ಕಡಿಯ ಪಕ್ಕ ರಟ್ಟು ಕಿತ್ತುಹೋದ ಒಂದು ಪುಸ್ತಕ ಬಿದ್ದಿತ್ತು. ತೆರೆದರೆ ಮೊದಲ ಸಾಲಿನಲ್ಲೇ ಒಂಬತ್ತು ಬುರುಜುಗಳ ಕೋಟೆ. ನಾನು ಜೀವನದಲ್ಲಿ ಓದಿದ ಮೊದಲ ಕನ್ನಡ ಕಾದಂಬರಿ ಅದು. ಓದಿದೆ ಅನ್ನುವುದಕ್ಕಿಂತ ಕೇಳಿದೆ, ಕೇಳಿ ಬರೆದುಕೊಂಡೆ. ಮನೆಗೆ ತಂದು ಎರಡು ದಿನದಲ್ಲಿ ಮುಗಿಸಿದೆ.

ಕೋಟೆಯೊಳಗಿನ ಕಾವಲಿನವರೆಲ್ಲ ಸತ್ತಿರುತ್ತಾರೆ. ಕಿಲ್ಲೇದಾರನ ಮಗಳು ಸಂಗವ್ವ ಒಬ್ಬಳೇ ಪ್ರತಿ ಸಂಜೆ ಒಂಬತ್ತು ಬುರುಜಿಗೂ ಹತ್ತಿ ಇಳಿದು ದೀಪ ಹಚ್ಚುತ್ತಾಳೆ. ಒಳಗೆ ದಂಡು ತುಂಬಿದೆ ಎಂದು ಹೊರಗೆ ಮುತ್ತಿಗೆ ಹಾಕಿದ ಸುಲ್ತಾನರ ಸರದಾರ ನಂಬಬೇಕು. ಆ ವಯಸ್ಸಿನಲ್ಲಿ ಸಂಗವ್ವನಿಗಾಗಿ ನಾನು ಜೀವ ಕೊಡುತ್ತಿದ್ದೆ. ಈಗ ಓದಿದರೆ ಬರೆದವರಿಗೆ ಸೂರ್ಯಾಸ್ತದ ಹುಚ್ಚು, ಪ್ರತಿ ಅಧ್ಯಾಯಕ್ಕೊಂದು. ಹೊರಗಿನ ದಂಡಿನವರಿಗೆಲ್ಲ ಕೆಂಪು ಕಣ್ಣು. ಅವರಲ್ಲಿ ಒಬ್ಬನಿಗೂ ತಾಯಿ ಇಲ್ಲ, ಹಸಿವಿಲ್ಲ, ಒಬ್ಬನೂ ಕೆಮ್ಮುವುದಿಲ್ಲ. ಇರಲಿ. ನಾನು ಹುಡುಕುತ್ತಿದ್ದದ್ದು ಬೇರೆ. ಹನ್ನೊಂದನೇ ಅಧ್ಯಾಯದಲ್ಲಿ ಸರದಾರ ತನ್ನ ದಂಡಿಗೆ ಒಂದು ಹುಕುಂ ಕೊಡುತ್ತಾನೆ. ಆ ನಾಲ್ಕು ಸಾಲು ನನಗೆ ಇವತ್ತಿಗೂ ಬಾಯಿಪಾಠ. ಅವುಗಳ ಕಾರಣದಿಂದ ನನಗೆ ಅಕ್ಷರ ಕಲಿಸಿದವರೊಬ್ಬರ ಕೈ ಮುರಿದಿತ್ತು. ಅವುಗಳನ್ನು ಬರೆದ ಕಾದಂಬರಿಕಾರನನ್ನು ನಾನು ಇಷ್ಟೂ ವರ್ಷ ಒಳಗೊಳಗೇ ಬೈದುಕೊಂಡು ಬಂದಿದ್ದೆ.

ಪುಸ್ತಕದಲ್ಲಿ ಸರದಾರ ಹೇಳುವುದು ಇಷ್ಟೇ: ‘ಮುತ್ತಿಗೆ ಸಡಿಲಿಸಬೇಡಿ. ನೀರಿನ ದಾರಿ ಕಟ್ಟಿ.’ ಅಧ್ಯಾಯವನ್ನು ಮೂರು ಸಲ ಓದಿದೆ. ನನ್ನ ನಾಲ್ಕು ಸಾಲು ಅಲ್ಲಿರಲಿಲ್ಲ.

ಸೊಸೆ ಚಹಾ ತಂದಿಟ್ಟಳು. ಕುಡಿದೆ. ಏನೂ ಅನ್ನಿಸಲಿಲ್ಲ.

ನನಗೆ ಹದಿನಾರಾದ ಆ ವರ್ಷ ನಮ್ಮ ಕಡೆ ಇನ್ನೂ ನಿಜಾಮರ ರಾಜ್ಯ. ಭಾಲ್ಕಿಯ ಸಾಲಿಯಲ್ಲಿ ಎಲ್ಲವೂ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಆಡುತ್ತಿದ್ದೆ, ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ನನ್ನ ಉರ್ದು ಕೈಬರಹ ಮಾತ್ರ ಬಹಳ ಚೆಂದ. ಅದನ್ನು ತಿದ್ದಿ ತಿದ್ದಿ ಚೆಂದ ಮಾಡಿದವರು ಖಾದರ್ ಮಾಸ್ತರ್. ತೆಳ್ಳಗಿನ ಮನುಷ್ಯ, ಕೆಂಪು ಮಸಿಯ ದೌತಿ ಸದಾ ಜೊತೆಗೆ. ಕಂಬಳಿ ಹೊದ್ದು ಸಾಲಿಗೆ ಬರುತ್ತಿದ್ದೆ ಎಂದು ನನ್ನ ಹೆಸರನ್ನೇ ‘ಕಂಬಳಿ’ ಮಾಡಿದ್ದರು. “ಏ ಕಂಬಳಿ, ಅಲಿಫ್ ಅಕ್ಷರ ನೆಟ್ಟಗ ನಿಲ್ಲಸು. ನಿನ್ನ ಕುರಿ ಕಾಯೋ ಕೋಲಿನ ಹಂಗ ನಿಲ್ಲಬೇಕು ಅದು” ಅನ್ನುತ್ತಿದ್ದರು.

ಕಾಕಾನ ಮನೆಯ ಎದುರು ವೀರಪ್ಪನವರ ಎಣ್ಣೆ ಗಾಣ. ಅವರ ತಂಗಿ ಶರಣಮ್ಮ ಗಂಡ ಸತ್ತಮೇಲೆ ಸೊಲ್ಲಾಪುರದಿಂದ ಅಣ್ಣನ ಮನೆಗೆ ಬಂದಿದ್ದರು. ಆ ಕಡೆ ಕನ್ನಡ ಸಾಲಿ ಇದ್ದವು, ಅವರಿಗೆ ಓದಲು ಬರುತ್ತಿತ್ತು. ಬರುವಾಗ ಟ್ರಂಕಿನಲ್ಲಿ ತಂದ ಒಂದೇ ಪುಸ್ತಕ ಈ ಕಾದಂಬರಿ. ಕನ್ನಡ ಪುಸ್ತಕ ಕೈಯಲ್ಲಿ ಕಂಡರೆ ಏನಾಗುತ್ತದೋ ಅನ್ನುವ ಕಾಲ ಅದು. ರಜಾಕಾರರ ಹೆಸರು ಹೇಳಿದರೆ ಹೆಂಗಸರು ಬಾಗಿಲು ಮುಂದೆ ಮಾಡುತ್ತಿದ್ದರು. ಶರಣಮ್ಮ ಮೊರದಲ್ಲಿ ಬೇಳೆ ಹರವಿಕೊಂಡು, ಮೊರದ ಕೆಳಗೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದರು. ನಾನು ಎದುರಿಗೆ ಕೂತು ಸಾಲಿಯ ವಹಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಕನ್ನಡ ಮಾತು, ಉರ್ದು ಅಕ್ಷರ. ನನಗೆ ಬೇರೆ ದಾರಿ ಇರಲಿಲ್ಲ. ಊರಿಗೆ ಹೋದಾಗ ಅವ್ವನಿಗೆ ಓದಿ ಹೇಳಬೇಕಲ್ಲ.

“ಸಾವಕಾಶ ಓದ್ರಿ ಅಕ್ಕೋರೆ, ಸಂಗವ್ವ ಇನ್ನ ಎರಡನೇ ಬುರುಜಿನ ಮ್ಯಾಲೇ ಅದಾಳ” ಅನ್ನುತ್ತಿದ್ದೆ.

“ನೀ ಜಲ್ದಿ ಬರೀ. ಅಕಿ ದೀಪ ಆರ್ತದ, ನನ್ನ ಬ್ಯಾಳಿ ಹುಳ ಹಿಡೀತದ” ಅನ್ನುತ್ತಿದ್ದರು ಅವರು.

ರಮಜಾನ್ ರಜೆಯಲ್ಲಿ ಊರಿಗೆ ಹೋದೆ. ಚಿಂತಾಕಿಯ ಹತ್ತಿರ ನಮ್ಮ ಹಟ್ಟಿ. ಮಾಂಜ್ರಾ ಹೊಳೆ ದಾಟಿ, ಸಂತಪುರದ ಮೇಲೆ ಹಾದು, ನಡೆದರೆ ಎರಡು ದಿನ. ಮಳೆ ಹಿಡಿದಿತ್ತು. ಕುರಿಗಳು ಒಳಗೇ ನಿಂತು ಒದ್ದೆ ಉಣ್ಣೆಯ ವಾಸನೆ ಬಿಡುತ್ತಿದ್ದವು. ಮಧ್ಯಾಹ್ನ ಹೊಲಕ್ಕೆ ಇಳಿಯಲಾಗದ ಹೆಂಗಸರು ಬಂದು ಕೂತರೆ ನಾನು ವಹಿ ತೆಗೆದು ಓದುತ್ತಿದ್ದೆ. ರಜೆ ಮುಗಿದು ಭಾಲ್ಕಿಗೆ ಬಂದಾಗ ಖಾದರ್ ಮಾಸ್ತರ್ ಕೇಳಿದರು: “ರಜಾದಾಗ ಏನ್ ಬರದಿ ಕಂಬಳಿ?” ಬೆನ್ನ ಹಿಂದೆ ಹಿಡಿದಿದ್ದ ವಹಿ ಅವರೇ ಕಸಿದುಕೊಂಡರು. ಒಂದು ಹಾಳೆ ಓದಿ ನನ್ನನ್ನು ನೋಡಿದರು. ಹುಕುಮತ್ತಿನ ಸಾಲಿಯಲ್ಲಿ ಸುಲ್ತಾನರ ದಂಡಿನ ವಿರುದ್ಧದ ಕಥೆ.

“ಇದು ಕನಡಿ ಅದ ಏನೋ?”

“ಹೌದ್ರಿ ಮಾಸ್ತರ್ ಸಾಬ್.”

“ಪಾಪ, ನಿಮ್ಮ ಕನಡಿಗಿ ನಮ್ಮ ಅಕ್ಷರ ಹೊಸ ಚಪ್ಲಿ ಕಚ್ಚಿದಂಗ ಕಚ್ಚಲತಾವ. ಕಾಳಿಗೂ ಕಾಲಿಗೂ ಒಂದೇ ಲಾಮ್ ಅಕ್ಷರ ಬರದಿ. ಹಿಂಗ ಮ್ಯಾಲ ಮೂರು ಚುಕ್ಕಿ ಇಡು, ಬ್ಯಾರೆ ಕಾಣ್ತದ.” ಮತ್ತೊಂದು ಹಾಳೆ ತಿರುವಿದರು. “ಈ ಸರದಾರ ಥೇಟ್ ನಮ್ಮ ಸಾಲಿ ಇನಿಸ್ಪೆಕ್ಟರ್ ಸಾಹೇಬ್ರ ಹಂಗ ಮಾತಾಡ್ತಾನಲ್ಲೋ!” ನಕ್ಕರು. ತಿದ್ದಿ ಕೊಡುತ್ತೇನೆ ಎಂದು ವಹಿಯನ್ನು ಮನೆಗೆ ಒಯ್ದರು.

ವಹಿ ಅವರ ಮನೆಯಲ್ಲಿದ್ದಾಗಲೇ ಪೊಲೀಸ್ ಆ್ಯಕ್ಷನ್ ಆಯಿತು. ನಾಲ್ಕೈದು ದಿನದ ಮಾತು. ಮೇಲೆ ವಿಮಾನ ಹೋದವು. ರಸ್ತೆಯ ಮೇಲೆ ಮಿಲ್ಟ್ರಿ ಗಾಡಿ ಹೋದವು. ನಿಜಾಮರ ರಾಜ್ಯ ಹೋಯಿತು ಅಂದರು. ಶರಣಮ್ಮ ಎಲ್ಲರಿಗೂ ಬೆಲ್ಲ ಹಂಚಿದರು. ನಾನೂ ತಿಂದೆ. ಕನ್ನಡ ಪುಸ್ತಕವನ್ನು ಮೊರದ ಮೇಲೆ ಇಟ್ಟುಕೊಂಡು ಓದಬಹುದು ಎಂದು ಅವರು ಅಂದದ್ದು ನೆನಪಿದೆ.

ಅದರ ಮರುದಿನವೋ ಮೂರನೇ ದಿನವೋ ಬೆಳಗ್ಗೆ ಹೊತ್ತೇರಿದ ಮೇಲೆ ನನ್ನನ್ನು ಕರೆಯಲು ಬಂದರು. ಮಾಸ್ತರರ ಮನೆಯ ಮುಂದೆ ಇಪ್ಪತ್ತು ಮೂವತ್ತು ಜನ. ಹೊರಗಿನವರಲ್ಲ, ನಮ್ಮ ಓಣಿಯವರೇ. ಬಂದೂಕು, ರಜಾಕಾರರ ಪಟ್ಟಿ ಹುಡುಕಲು ಬಂದವರು. ಟ್ರಂಕು ಬೋರಲು ಹಾಕಿ ಪುಸ್ತಕಗಳನ್ನು ಅಂಗಳದಲ್ಲಿ ಸುರಿದಿದ್ದರು. ಮಾಸ್ತರ್ ಟೊಪ್ಪಿಗೆ ಇಲ್ಲದೆ ಗೋಡೆಗೆ ಒರಗಿ ನಿಂತಿದ್ದರು. ಅವರನ್ನು ಟೊಪ್ಪಿಗೆ ಇಲ್ಲದೆ ನಾನು ಅಲ್ಲಿಯ ತನಕ ನೋಡಿರಲಿಲ್ಲ. ಗಾಣದ ವೀರಪ್ಪನವರ ಕೈಯಲ್ಲಿ ನನ್ನ ವಹಿ. ಉರ್ದು ಬರುವ ಪಟವಾರಿ ಓಡಿಹೋಗಿದ್ದ. ಗುಂಪಿನಲ್ಲಿ ಓದಬಲ್ಲವರು ಯಾರೂ ಇರಲಿಲ್ಲ.

“ಮಾಳಪ್ಪನ ಅಣ್ಣನ ಮಗ ಓದ್ತಾನ. ಓದೋ ಬೀರಪ್ಪ, ಇದರಾಗ ಏನದ ಹೇಳು” ಅಂದರು ವೀರಪ್ಪ. ನಡುವೆ ಒಂದು ಚೀಟಿ ಇಟ್ಟಿತ್ತು, ಹಾಳೆ ಅಲ್ಲಿಗೇ ತೆರೆಯಿತು. ನಾನು ಓದಿದೆ. ಹೇಳಿದರೆ ಓದುವುದೇ ರೂಢಿ ನನಗೆ, ಗಟ್ಟಿಯಾಗಿ, ಒಂದೂ ಅಕ್ಷರ ನುಂಗದೆ.

‘ಚಿಂತಾಕಿಗೆ ಬೆಂಕಿ ಹಚ್ಚಿರಿ. ಸಂತಪುರ ಬಿಡಬೇಡಿರಿ. ಹಟ್ಟಿಯ ಕುರಿಗಳನ್ನು ಹೊಡೆದುಕೊಂಡು ಬನ್ನಿರಿ. ಗಂಡಸರು ಸಿಕ್ಕರೆ ಅಲ್ಲೇ ಮುಗಿಸಿರಿ.’

ಗುಂಪಿನಲ್ಲಿ ಒಬ್ಬ ಸಂತಪುರದ ಅಳಿಯನಿದ್ದ. ಬಗ್ಗಿ ವಹಿ ನೋಡಿದ. “ಇವು ಊರಿನ ಹೆಸರೇ ಇರಬೇಕು, ಕೆಂಪು ಗೆರಿ ಸುತ್ತ್ಯಾನ ನೋಡ್ರಿಲ್ಲಿ!” ಎಂದ. ಖರೆ ಇತ್ತು. ಎರಡೂ ಹೆಸರುಗಳ ಸುತ್ತ ಕೆಂಪು ಮಸಿಯ ಗೆರೆ, ಪಕ್ಕದಲ್ಲಿ ಪ್ರಶ್ನೆಯ ಗುರುತು.

“ಇದು ಕಥಿ ಅದರಿ” ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

“ಯಾರ ಅಕ್ಷರ ಇದು?” ವೀರಪ್ಪ ಕೇಳಿದರು.

ಕಾಕಾ ಹಿಂದಿನಿಂದ ಬಂದು ನನ್ನ ರಟ್ಟೆ ಹಿಡಿದರು. ನೇಯುವವರ ಹಿಡಿತ. ನನ್ನ ಅಕ್ಷರ ಎಂದು ನಾನು ಹೇಳಲಿಲ್ಲ. ಮಾಸ್ತರ್ ನನ್ನ ಕಡೆ ನೋಡಲಿಲ್ಲ, ವೀರಪ್ಪನವರಿಗೆ ಹೇಳಿದರು: “ಹುಡುಗ ಸರಿ ಓದ್ಯಾನರಿ. ಮುಂದಿನ ಹಾಳಿನೂ ಓದಸ್ರಿ. ಅಲ್ಲಿ ಆ ಹುಡುಗಿ ದೀಪ ಹಚ್ಚತಾಳ.”

ಯಾವ ಹುಡುಗಿ, ಯಾವ ದೀಪ, ಯಾರಿಗೂ ತಿಳಿಯಲಿಲ್ಲ. ತಿಳಿದಿದ್ದವನು ನಾನೊಬ್ಬ. ಮುಂದಿನ ಹಾಳೆ ಓದುವಷ್ಟು ಹೊತ್ತು ಯಾರೂ ಕಾಯಲಿಲ್ಲ. ಮೊದಲ ಏಟಿಗೆ ಅವರು ಬಲಗೈ ಅಡ್ಡ ಹಿಡಿದರು. ಕಟ್ಟಿಗೆ ಮುರಿದ ಹಾಗೆ ಒಂದು ಸಪ್ಪಳ ಬಂತು. ಕಾಕಾ ನನ್ನನ್ನು ಎಳೆದುಕೊಂಡು ಹೋದರು. “ಬಾಯಿ ಬಿಟ್ಟಿದ್ರ ನಿನಗೂ ಬೀಳ್ತಿತ್ತು. ನೀ ಓದಿದವ ಅಷ್ಟೇ” ಅಂದರು.

ಆ ಮಾತನ್ನು ನಾನು ಇಟ್ಟುಕೊಂಡೆ. ಬರೆದವನು ಕಾದಂಬರಿಕಾರ, ನಾನು ಓದಿದವ ಅಷ್ಟೇ. ಅದರ ಮೇಲೆ ಬಹಳ ವರ್ಷ ನಿದ್ದೆ ಮಾಡಿದೆ.

ರದ್ದಿಯ ಪುಸ್ತಕ ಓದಿದ ಮೇಲೆ ಆ ರಮಜಾನ್ ರಜೆಯ ಒಂದು ಮಧ್ಯಾಹ್ನ ಎದ್ದು ಬಂತು. ನಮ್ಮಲ್ಲಿ ಡೊಳ್ಳಿನ ಮೇಲೆ ಕಥೆ ಹಾಡುವವರು ಯಾವ ಊರಿಗೆ ಹೋದರೂ ಆ ಊರಿನ ಹೆಸರನ್ನು ಹಾಡಿನಲ್ಲಿ ಸೇರಿಸುತ್ತಾರೆ. ಸೇರಿಸದಿದ್ದರೆ ಕೂತವರು ಎದ್ದು ಹೋಗುತ್ತಾರೆ. ಹಟ್ಟಿಯಲ್ಲಿ ನಾನು ಓದುವುದನ್ನು ಕೇಳಿ ಅವ್ವ ಅಂದಿದ್ದಳು: “ಇದೆಂಥ ಕಥಿಯೋ, ನಮ್ಮ ಊರ ಹೆಸರೇ ಬರಲಿಲ್ಲ.” ಹೆಂಗಸರೆಲ್ಲ ಹೌದೌದು ಅಂದರು. ಅವತ್ತೇ ಸರದಾರನ ಎರಡು ಸಾಲು ಹೊಡೆದುಹಾಕಿ ನನ್ನವೇ ನಾಲ್ಕು ಸಾಲು ಬರೆದೆ. ಬೆಂಕಿಯ ಮಾತಿಗೆ ನಾನು ದೂರ ಹುಡುಕಬೇಕಾಗಿರಲಿಲ್ಲ, ಆ ಮಳೆಗಾಲದಲ್ಲಿ ಜನ ಬೇರೆ ಏನೂ ಮಾತಾಡುತ್ತಿರಲಿಲ್ಲ. ಓದಿದಾಗ ಹೆಂಗಸರು ಅಯ್ಯಯ್ಯೋ ಅಂದರು. ಒಬ್ಬಾಕೆ ಎದ್ದು ಕುರಿ ಎಣಿಸಿ ಬಂದಳು. ನನಗೆ ಭಾರಿ ಹಿಗ್ಗಾಯಿತು.

ಅಷ್ಟು ಹಿಗ್ಗಿದ್ದನ್ನು ಪೂರ್ತಿ ಮರೆತಿದ್ದೆ. ಮರೆತೆನೋ, ಮರೆಯಬೇಕೆಂದು ಮರೆತೆನೋ, ಈಗ ಹೇಳಲಾರೆ.

ಕೆಂಪು ಗೆರೆಯ ಅರ್ಥವೂ ರದ್ದಿಯ ಪುಸ್ತಕ ಮುಗಿಸಿದ ದಿನವೇ ಆಯಿತು. ಹಳೆಯ ಕಾಲದ ಯಾವುದೋ ಕೋಟೆಯ ಕಥೆಯಲ್ಲಿ ಸಂತಪುರ ಎಲ್ಲಿಂದ ಬಂತು ಎಂದು ಮಾಸ್ತರ್ ಕೇಳಿದ್ದರು. ಈ ಸಾಲು ನಿನ್ನದೇನೋ ಎಂದು ನನ್ನನ್ನು ಕೇಳಲು ಚೀಟಿ ಇಟ್ಟಿದ್ದರು. ಅಂದರೆ ಅವತ್ತು ಗೋಡೆಗೆ ಒರಗಿ ನಿಂತಾಗ ಅವರಿಗೆ ಎಲ್ಲ ಗೊತ್ತಿತ್ತು. ಬೆರಳು ತೋರಿಸಿದ್ದರೆ ಆಗುತ್ತಿತ್ತು. ತೋರಿಸಲಿಲ್ಲ.

ಕೈ ಮುರಿದ ದಿನ ಮಧ್ಯಾಹ್ನವೇ ಮಿಲ್ಟ್ರಿಯವರು ಬಂದು ಅವರನ್ನು ಬೀದರಿಗೆ ಒಯ್ದರು. ಕಾಪಾಡಲು ಒಯ್ದರೋ ಕೈದು ಮಾಡಿ ಒಯ್ದರೋ ಓಣಿಯವರಿಗೆ ತಿಳಿಯಲಿಲ್ಲ. ಹೆಂಡತಿ ಮಕ್ಕಳು ಝಹೀರಾಬಾದಿನ ಕಡೆ ಹೋದರು ಅಂದರು. ವಹಿ ಏನಾಯಿತೋ ಗೊತ್ತಿಲ್ಲ. ಅವತ್ತು ಸಂಜೆ ಶರಣಮ್ಮ ಬಚ್ಚಲ ಒಲೆಯ ಮುಂದೆ ಕೂತಿದ್ದರು, ಒಲೆಯಲ್ಲಿ ಕಾಗದದ ಬೂದಿ. ಪುಸ್ತಕ ಎಲ್ಲಿ ಅಂದೆ. “ನೀರು ಕಾಯ್ದಾವ, ಮೈ ತೊಳಕೊ ಹೋಗು” ಅಂದರು.

ದೀಪಾವಳಿ ಮುಗಿದ ಮೇಲೆ ಸಾಲಿಯ ಬೋರ್ಡು ಕನ್ನಡವಾಯಿತು. ಹದಿನಾರು ವರ್ಷದವನು ಆರು ವರ್ಷದ ಮಕ್ಕಳ ಪಕ್ಕ ಕೂತು ಅ ಆ ತಿದ್ದಿದೆ. ಮಕ್ಕಳು ನನಗೆ ‘ಆಬಾ’ ಅನ್ನುತ್ತಿದ್ದರು, ಅಜ್ಜ ಎಂದು. ಸಂಜೆ ಶರಣಮ್ಮ ಗಾಣದ ಹಿಂಡಿಯ ಪುಡಿ ಹರವಿ ಅದರ ಮೇಲೆ ಬೆರಳಿನಿಂದ ಒತ್ತಕ್ಷರ ಬರೆಸಿದರು. ಕಥೆಯ ಮಾತನ್ನು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಆರು ತಿಂಗಳಲ್ಲಿ ಓದುವಂತಾದೆ. ಬೀದರಿನಲ್ಲಿ ಪರೀಕ್ಷೆಗೆ ಕೂಡಬಹುದು ಅಂದರು. ಆದರೆ ಆರು ಇಯತ್ತೆ ಪಾಸಾದದ್ದಕ್ಕೆ ಕಾಗದ ಬೇಕು.

ಧಾರವಾಡದ ಕಡೆಯಿಂದ ಬಂದ ಹೊಸ ಹೆಡ್‌ಮಾಸ್ತರರು ಹಳೆಯ ದಫ್ತರು ತೆರೆದು ಮುಚ್ಚಿದರು. “ನೋಡಪಾ, ಇದು ನನಗ ಓದಾಕ ಬರಂಗಿಲ್ಲ. ಹಳೇ ಮಾಸ್ತರ ಬಂದು ಬರದು ಸಹಿ ಮಾಡಿದ್ರ ನಾ ಶಿಕ್ಕಾ ಹೊಡೀತೇನಿ. ಇಲ್ಲಾಂದ್ರ ನೀ ಒಂದನೇತ್ತಾದಿಂದ ಶುರು ಮಾಡಬೇಕು.”

ಕಾಕಾ ಮಗ್ಗದಿಂದ ತಲೆ ಎತ್ತದೆ ಅಂದರು: “ನಾ ಹೇಳಿದ್ದಿಲ್ಲೇನು?” ಬೇಸಿಗೆಗೆ ನಾನು ಹಟ್ಟಿಗೆ ಹೋಗಿ ಕುರಿಗಳ ಹಿಂದೆ ನಿಂತೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ದುಃಖವೇನೂ ಆಗಲಿಲ್ಲ. ಕೋಲು ಕೈಗೆ ಸರಿಯಾಗಿಯೇ ಹೊಂದಿತು.

ಮಿರುಗದ ಮಳೆಗೆ ಇನ್ನೂ ಕೆಲವು ದಿನ ಇದ್ದವು. ಸಂತಪುರದ ಸಂತೆಗೆ ಕಂಬಳಿ ಮಾರಲು ಬಂದವರ ಕೈಲಿ ಕಾಕಾ ಹೇಳಿ ಕಳಿಸಿದರು: ಖಾದರ್ ಮಾಸ್ತರ್ ಝಹೀರಾಬಾದಿನಿಂದ ಬಂದಾರ, ಚಾರ್ಜು ಕೊಟ್ಟು ಹೋಗ್ತಾರ, ನಾಕೇ ದಿನ ಇರ್ತಾರ. ಯಾರು ಆಗೋದಿಲ್ಲ ಅಂದಿದ್ದರೋ ಅವರೇ ಕಳಿಸಿದ ಮಾತು. ಅವ್ವ ಕಟ್ಟಿಕೊಟ್ಟ ಗಂಟು ಹೊತ್ತು ರಾತ್ರಿ ಹಗಲು ನಡೆದು ಭಾಲ್ಕಿ ಮುಟ್ಟಿದೆ.

ಸಾಲಿಯ ಪಡಸಾಲೆಯಲ್ಲಿ ಅವರು ಒಬ್ಬರೇ ದಫ್ತರಿನ ಮುಂದೆ ಕೂತಿದ್ದರು. ಟೊಪ್ಪಿಗೆ ಇತ್ತು. ಬಲಗೈ ಮೊಣಕೈಯ ಕೆಳಗೆ ಡೊಂಕಾಗಿ ಕೂಡಿತ್ತು, ಅದನ್ನು ತೊಡೆಯ ಮೇಲೆ ಬೇರೆಯವರ ಸಾಮಾನಿನಂತೆ ಇಟ್ಟುಕೊಂಡಿದ್ದರು.

“ಬಾ ಕಂಬಳಿ. ಎಷ್ಟು ಉದ್ದ ಆಗ್ತಿಯೋ, ಬಾಗಲಾ ಸಾಲೋದಿಲ್ಲ.”

ಕೆಲಸ ಹೇಳಿದೆ. ದಫ್ತರಿನಲ್ಲಿ ನನ್ನ ಹೆಸರು ಹುಡುಕಿ, ಲೇಖನಿಯನ್ನು ಎಡಗೈಯಲ್ಲಿ ಹಿಡಿದರು. ಊರಿಗೆಲ್ಲ ಒಳ್ಳೆಯ ಅಕ್ಷರ ಕಲಿಸಿದ ಮನುಷ್ಯ. ಅವರ ಅಲಿಫ್ ಒಂದೂ ನೆಟ್ಟಗೆ ನಿಲ್ಲಲಿಲ್ಲ. ಬರೆಯುತ್ತ ಗಟ್ಟಿಯಾಗಿ ಓದಿದರು, ಹೆಸರು, ತಂದೆಯ ಹೆಸರು, ಊರು, ಇಯತ್ತೆ. ಕೊನೆಗೆ ‘ಚಾಲ್‌ಚಲನ್’ ಎಂದು ಒಂದು ಖಾನೆ, ಹುಡುಗನ ನಡತೆ ಹೇಗೆ ಎಂದು. ಅಲ್ಲಿ ಲೇಖನಿ ನಿಂತಿತು. ಮಸಿ ಮುಗಿದಿತ್ತು. ಅದ್ದಿಕೊಂಡು ‘ನೇಕ್’ ಎಂದು ಬರೆದರು. ಒಳ್ಳೆಯದು.

“ಮಾಸ್ತರ್ ಸಾಬ್, ಆ ವಹಿ…” ಅಂದೆ.

“ವಹಿ ಹೋಯ್ತು, ಹೋಗ್ಲಿ. ಆ ಹುಡುಗಿದು ಕೊನೀಗಿ ಏನಾಯ್ತು? ನಾ ಪೂರಾ ಓದಿದ್ದಿಲ್ಲ.”

“ಕೋಟಿ ಉಳೀತ್ರಿ.”

“ಛಲೋ ಆಯ್ತು” ಅಂದರು. ಮಸಿ ಆರಲಿ ಎಂದು ಕಾಗದದ ಮೇಲೆ ಊದಿ, ನನ್ನ ಕೈಗೆ ಕೊಟ್ಟರು. ನಾನು ಹೊರಗೆ ಬಂದೆ. ಇನ್ನೇನೋ ಹೇಳುವುದಿತ್ತು ಎಂದು ಸಾಲಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ನಿಂತೆ. ಬಿಸಿಲು ಏರುತ್ತಿತ್ತು. ಶಿಕ್ಕಾ ಹೊಡೆಸಿಕೊಂಡು ಊರಿನ ದಾರಿ ಹಿಡಿದೆ. ಅವರನ್ನು ಮತ್ತೆ ನೋಡಲಿಲ್ಲ.

ಹಟ್ಟಿ ಮುಟ್ಟಿದಾಗ ಅವ್ವ ಕುರಿಮರಿಗಳಿಗೆ ನೀರು ಇಡುತ್ತಿದ್ದಳು. ಕಾಗದವನ್ನು ಅವಳ ಕೈಯಲ್ಲಿಟ್ಟೆ. ಮಾಸ್ತರ್ ಬಂದದ್ದು, ಎಡಗೈಯಲ್ಲಿ ಬರೆದದ್ದು ಹೇಳಿದೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು, ಡೊಂಕು ಸಾಲುಗಳನ್ನು ಬಹಳ ಹೊತ್ತು ನೋಡಿದಳು. ಹಿಗ್ಗುತ್ತಾಳೆ ಎಂದು ಕಾದು ನಿಂತಿದ್ದೆ.

“ಅಷ್ಟು ದೂರದಿಂದ ಬಂದಿದ್ರು ಅಂತಿ” ಅಂದಳು. “ನಿನ್ನ ಗಂಟಿನಾಗ ನಾ ಕಟ್ಟಿದ ನಾಕು ರೊಟ್ಟಿ ಇದ್ದುವಲ್ಲೋ ಬೀರಾ. ಒಂದರ ಕೊಟ್ಟಿ ಏನು ಅವರಿಗಿ?”